ಮಾಸ್ತರರ ಮೂಗಿನ ಗೆರೆಯನ್ನು ಅಳಿಸುವವರಿಗೆ

ರಾಜ್ಯ ಕಲಾ ಪ್ರದರ್ಶನದ ಆಯ್ಕೆ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ತೀರಿಹೋದವರೊಬ್ಬರು ಎಳೆದ ಗೆರೆಯನ್ನು ನಾನು ನಿಮ್ಮ ಸಮಿತಿಯ ಎದುರು ಕೈಯಾರೆ ಅಳಿಸಬೇಕಂತೆ. ಆಗ ಮಾತ್ರ ನನ್ನ ಚಿತ್ರಕ್ಕೆ ನಿಮ್ಮ ಗೋಡೆಯಲ್ಲಿ ಒಂದು ಮೊಳೆ ಸಿಗುತ್ತದಂತೆ. ನಿಮ್ಮ ಕಚೇರಿಯಲ್ಲಿ ಇದನ್ನು ಬಾಯಿಮಾತಿನಲ್ಲಿ ಹೇಳಿದಾಗ ತಮಾಷೆ ಎಂದುಕೊಂಡು ನಕ್ಕೆ. ಮೊಹರು ಬಿದ್ದ ಕಾಗದ ಮನೆಗೆ ಬಂದ ಮೇಲೆ ನಗು ನಿಂತಿತು. ಅದಕ್ಕೇ ನಾಲ್ಕು ಜನರ ಎದುರು ಬರೆಯುತ್ತಿದ್ದೇನೆ.

ಕೊಲ್ಹಾಪುರದಲ್ಲಿ ಪೈಲ್ವಾನರಿಗೆ ಹೇಗೆ ಬರವಿಲ್ಲವೋ ಚಿತ್ರಕಾರರಿಗೂ ಹಾಗೆಯೇ. ನಾನು ತೈಲವರ್ಣ ಕಲಿತದ್ದು ಶ್ರೀಪತರಾವ್ ಸರನಾಯಕ ಮಾಸ್ತರರ ಬಳಿ. ಟರ್ಪೆಂಟೈನ್ ಘಾಟಿಗೆ ನನಗೆ ಉಬ್ಬಸ ಹಿಡಿಯಿತು. ಬಣ್ಣ ಬೇಕೋ ಉಸಿರು ಬೇಕೋ ಎಂದರು ಡಾಕ್ಟರು. ಎರಡೂ ಬೇಕು ಎಂದು ಚಿತ್ರ ಬರೆಯುವ ಟ್ಯಾಬ್ಲೆಟ್ ಯಂತ್ರ ಕೊಂಡೆ. ಗಾಜಿನ ಮೇಲೆ ಪೆನ್ನು ಹಿಡಿದು, ಎಷ್ಟು ಒತ್ತಿದರೆ ಎಷ್ಟು ದಪ್ಪ ಎಂದು ಮಕ್ಕಳ ಹಾಗೆ ಮತ್ತೆ ಅ ಆ ಇ ಈ ತಿದ್ದಿದೆ. ಯಂತ್ರವೇ ಬರೆದುಕೊಡುತ್ತದೆ ಎಂದು ನಂಬಿರುವ ನಿಮ್ಮ ಸದಸ್ಯರು ಒಂದು ದಿನ ಬಂದು ಒಂದು ಕಿವಿ ಬರೆದು ನೋಡಲಿ.

ಮಾಸ್ತರರು ಹಾಸಿಗೆ ಹಿಡಿದಾಗ ಮಗ್ಗುಲಲ್ಲಿ ಕುಳಿತು ಅವರ ಚಿತ್ರ ಬರೆಯತೊಡಗಿದೆ. ಮೊದಲಿಗೆ ಅವರು ಮುಖ ಸಿಂಡರಿಸಿದರು. "ಬಣ್ಣದ ವಾಸನೀನ ಇಲ್ಲಲ್ಲ ಇದಕ್ಕ, ಪೋರಿ!" ಆಮೇಲೆ ತಪ್ಪಿದ ಗೆರೆಯನ್ನು ಹಿಂದಕ್ಕೆ ತೆಗೆದುಕೊಳ್ಳುವ ಗುಂಡಿ ತೋರಿಸಿದೆ. ಅವರು ಅದನ್ನು ಒತ್ತಿದ್ದೇ ಒತ್ತಿದ್ದು.

"ಈ ಗುಂಡಿ ನನ್ನ ಮದುವ್ಯಾಗ ಇರಬೇಕಿತ್ತು ನೋಡು."

ಒಳಗಿನಿಂದ ಅವರ ಹೆಂಡತಿ ಇಂದುಕಾಕೂ ಕೂಗಿದರು: "ನನ್ನ ಕೈಯಾಗ ಇರಬೇಕಿತ್ತರೀ! ಅಕ್ಕಿಕಾಳು ಬೀಳೂಕಿಂತ ಮೊದಲ ಒತ್ತತಿದ್ದೆ!"

ಒಂದು ಮಧ್ಯಾಹ್ನ ಮಾಸ್ತರರು ಚಿತ್ರವನ್ನು ದಿಟ್ಟಿಸಿ, "ಇದು ನನ್ನ ಮೂಗಲ್ಲ, ನಮ್ಮ ಮಾವಂದು. ಇಲ್ಲಿ ಕೊಡು" ಎಂದು ಪೆನ್ನು ಕಸಿದುಕೊಂಡರು. ನಾನು ಅವರಿಗಾಗಿ ಚಿತ್ರದ ಮೇಲೆ ಪಾರದರ್ಶಕ ಹಾಳೆಯಂಥ ಹೊಸದೊಂದು ಪದರ ತೆರೆದೆ. ಹುಬ್ಬಿನಿಂದ ಮೂಗಿನ ತುದಿಯವರೆಗೆ ಒಂದೇ ಗೆರೆ ಎಳೆದರು. ಆಮೇಲೆ ತೀರಿಹೋಗುವವರೆಗೂ ಅವರು ಕುಂಚವನ್ನಾಗಲಿ ಪೆನ್ನನ್ನಾಗಲಿ ಹಿಡಿಯಲಿಲ್ಲ. ಕ್ಯಾನ್ವಾಸಿನ ಮೇಲೆ ಮುದ್ರಿಸಿದ ಚಿತ್ರದಲ್ಲಿ ಆ ಗೆರೆ ಮುಖದೊಳಗೆ ಬೆರೆತುಹೋಗಿದೆ. ಮೂಲ ಫೈಲಿನಲ್ಲಿ ಮಾತ್ರ ಉಳಿದೆಲ್ಲ ಪದರಗಳನ್ನು ಮರೆಮಾಡಿ ಅದೊಂದನ್ನೇ ನೋಡಬಹುದು. ಕಾಕೂ ನಮ್ಮ ಮನೆಗೆ ಬಂದಾಗಲೆಲ್ಲ ಚಹಾ ಆರಿದರೂ ಪರವಾಗಿಲ್ಲ, ಮೊದಲು "ಅವರ ಗೆರಿ ತೋರಸ" ಅನ್ನುತ್ತಾರೆ.

ಈ ಚಿತ್ರವನ್ನು ನಿಮ್ಮಲ್ಲಿಗೆ ತಂದೆ. ಚಿತ್ರಕಲಾ ವಿಭಾಗದ ಸದಸ್ಯರು ಕ್ಯಾನ್ವಾಸನ್ನು ಹೆಬ್ಬೆರಳಿಂದ ಉಜ್ಜಿ, ಮೂಗಿನ ಬಳಿ ತಂದು ಮೂಸಿದರು. ಎಣ್ಣೆಯ ವಾಸನೆ ಇಲ್ಲ. "ಇದು ಪ್ರಿಂಟ್ ಐತಿ, ತಾಯಿ. ಮುದ್ರಣದವರ ಕಡೆ ಹೋಗ್ರಿ." ಮಾನ್ಯರೇ, ಅವರು ಆರಿಸುತ್ತಿದ್ದುದು ಚಿತ್ರವನ್ನೋ ಮಟನ್ ರಸ್ಸಾವನ್ನೋ? ನವಮಾಧ್ಯಮ ವಿಭಾಗದಲ್ಲಿ ಇನ್ನೊಬ್ಬರು, "ಇದು ಅಲ್ಲಾಡೂದ ಇಲ್ಲಲ್ಲ? ಕಣ್ಣರ ಮಿಟಕಸಬೇಕಿತ್ತು" ಎಂದರು. ಬದುಕಿದ್ದಾಗಲೇ ಪೋರ್ಟ್ರೇಟಿಗೆ ಕುಳಿತರೆ ಕಣ್ಣು ಮಿಟುಕಿಸದ ಮನುಷ್ಯ ಈಗ ನಿಮಗಾಗಿ ಮಿಟುಕಿಸಬೇಕೇ?

ಕೊನೆಗೆ ಮುದ್ರಣ ವಿಭಾಗ. ಅಲ್ಲಿಯ ಪದ್ಧತಿ ನನಗೆ ಗೊತ್ತು. ಒಪ್ಪಿದಷ್ಟು ಪ್ರತಿ ತೆಗೆದ ಮೇಲೆ ತಾಮ್ರದ ತಗಡಿಗೆ ಅಡ್ಡಗೀರು ಹಾಕಿ ಕೆಡಿಸುತ್ತಾರೆ, ಕದ್ದು ಇನ್ನೊಂದು ತೆಗೆಯಬಾರದೆಂದು. ತಗಡಿಗೆ ಅದು ನ್ಯಾಯ. ಆ ನ್ಯಾಯವನ್ನು ನೀವು ನನ್ನ ಫೈಲಿಗೂ ಹಚ್ಚಿದ್ದೀರಿ: ಮೂಲವನ್ನು ಸಮಿತಿಯ ಎದುರು ಅಳಿಸಬೇಕು, ಬೇರೆಲ್ಲೂ ನಕಲಿಲ್ಲವೆಂದು ಪ್ರಮಾಣ ಮಾಡಿ ಸಹಿ ಹಾಕಬೇಕು. "ಅಕ್ಕಾರ, ಮನ್ಯಾಗ ಒಂದು ನಕಲು ಇಟಗೊಂಡು ಸಹಿ ಮಾಡ್ರಲ್ಲ, ಯಾರು ನೋಡತಾರ?" ಎಂದು ನಿಮ್ಮ ಗುಮಾಸ್ತರೇ ಪಿಸುಗುಟ್ಟಿದರು. ಒಳ್ಳೆಯ ಮನುಷ್ಯ. ಆದರೆ ತಾನು ಮುಗಿಸದ ಚಿತ್ರಕ್ಕೆ ಎಂದೂ ಸಹಿ ಹಾಕದ ಗುರುವಿನ ಚಿತ್ರಕ್ಕಾಗಿ ಸುಳ್ಳು ಪ್ರಮಾಣಕ್ಕೆ ಸಹಿ ಹಾಕಲು ನನಗೆ ಕೈ ಬರುವುದಿಲ್ಲ. ಎಣ್ಣೆಬಣ್ಣಕ್ಕೆ ಮರಳೋಣವೆಂದರೆ ಉಸಿರು ಬಿಡದು. ಎತ್ತ ತಿರುಗಿದರೂ ಗೋಡೆಯೇ ಇದೆ, ಚಿತ್ರ ತೂಗುಹಾಕುವ ಗೋಡೆಯೊಂದೇ ಇಲ್ಲ.

ಹಾಗಾದರೆ ಬಿಟ್ಟುಬಿಡಿ ಎನ್ನುತ್ತೀರಿ. ನಾನು ಬಿಡಬಲ್ಲೆ. ಆದರೆ ಕಾಕೂ ಹೇಳುವುದನ್ನು ಕೇಳಿ: "ಊರ ಮಂದೀನೆಲ್ಲ ಬರದು ಆ ಪ್ರದರ್ಶನದ ಹಾಲ್‌ನಾಗ ಕೂಡಸಿದ್ರು. ಒಮ್ಮೆ ಅವ್ರೂ ಅಲ್ಲಿ ಕೂಡಲಿ. ಮುಂದಿನ ವರ್ಷಕ್ಕ ನನ್ನ ಕಣ್ಣಿನ ಭರೋಸಾ ಇಲ್ಲವ್ವ."

ನಿಮ್ಮ ಷರತ್ತನ್ನು ಅವರಿಗೆ ಓದಿ ಹೇಳಿದೆ. ಸೆರಗಿನ ಅಂಚು ತಿರುವುತ್ತ ಹಗುರಾಗಿ ಅಂದರು: "ಅಳಿಸಿಬಿಡ, ಪೋರಿ. ಹಿಂದಕ್ಕ ತರೂ ಗುಂಡಿ ಐತಲ್ಲ? ಆ ಸಾಹೇಬರು ಎದ್ದು ಹೋದ ಮ್ಯಾಲ ಒತ್ತಿದ್ರಾತು."

ಫೈಲೇ ಅಳಿದುಹೋದರೆ ಆ ಗುಂಡಿಯೂ ಅದರ ಜೊತೆಗೇ ಹೋಗುತ್ತದೆ ಎಂದು ಅವರಿಗೆ ಹೇಳಲಿಲ್ಲ. ಚಹಾ ಕಾಯಿಸುವ ನೆಪ ಮಾಡಿ ಒಳಗೆ ಹೋಗಿ ಅತ್ತೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಚಿತ್ರವನ್ನು ಮೂಗಿನಿಂದಲ್ಲ, ಕಣ್ಣಿನಿಂದ ನೋಡಿ. ಚೆನ್ನಾಗಿಲ್ಲದಿದ್ದರೆ ತಿರಸ್ಕರಿಸಿ, ತುಟಿ ಪಿಟಕ್ಕೆನ್ನುವುದಿಲ್ಲ. ಚೆನ್ನಾಗಿದ್ದರೆ ಈ ಷರತ್ತನ್ನು ಕೈಬಿಟ್ಟು ತೂಗುಹಾಕಿ. ಎರಡೂ ಆಗದು ಎಂದಾದರೆ ತಾವೇ ಕಾಕೂ ಮನೆಗೆ ದಯಮಾಡಿಸಬೇಕು. ಫೈಲು ತೆರೆದು, ಆ ಗೆರೆಯೊಂದನ್ನೇ ಕಾಣುವಂತೆ ಇಟ್ಟು ಕೊಡುತ್ತೇನೆ. ಕಾಕೂ ಪಕ್ಕದಲ್ಲಿ ಕುಳಿತಿರುತ್ತಾರೆ. ತಮ್ಮ ಬೆರಳಿನಿಂದಲೇ ಫೈಲನ್ನು ಅಳಿಸಿ. ಆಮೇಲೆ ಹಿಂದಕ್ಕೆ ತರುವ ಗುಂಡಿ ಎಲ್ಲಿದೆ ಎಂದು ಅವರು ಕೇಳುತ್ತಾರೆ. ಉತ್ತರವನ್ನೂ ತಾವೇ ಹೇಳಿ.

ಇಂತಿ,
ತಮ್ಮ ಲೆಕ್ಕದಲ್ಲಿ ಚಿತ್ರಕಾರಳೂ ಅಲ್ಲದ, ಮುದ್ರಣದವಳೂ ಅಲ್ಲದ,
ಸರನಾಯಕ ಮಾಸ್ತರರ ಶಿಷ್ಯೆ ಮಾತ್ರ ಆಗಿರುವ
ಸುಚೇತಾ ಶಿರೋಳಕರ
ಕೊಲ್ಹಾಪುರ