ಪತ್ರಿಕೆಯಲ್ಲಿ ಹೆಸರು ಬಂದ ಎತ್ತು

ಎಕಂಬಾ, ೧೨ ಜೂನ್ ೧೯೪೯

ಬೀದರದ ವರದಿಗಾರ ನಾಗೋರಾಯರಿಗೆ ಮಾಸ್ತರ ಮಚ್ಛೇಂದ್ರನ ನಮಸ್ಕಾರಗಳು.

ಹೋದ ವರ್ಷದ ಪೊಲೀಸ್ ಆಕ್ಷನ್ನಿನ ದಿನಗಳಿಂದ ಮುಚ್ಚಿಯೇ ಇರುವ ನಮ್ಮ ಶಾಲೆಯ ಬಗ್ಗೆ ನೀವು ಬರೆದ ಸುದ್ದಿ ಚೆನ್ನಾಗಿದೆ. ಆದರೆ ಅದರಲ್ಲಿ ದೂರು ಹೇಳಿದ ಐವರು ಪಾಲಕರಲ್ಲಿ ನಾಲ್ವರು ತೀರಿಕೊಂಡು ಬಹಳ ವರ್ಷಗಳಾದವು. ಐದನೆಯವರು, ಅಂದರೆ ನೀವು ಗೌರವದಿಂದ ‘ಸರ್ಜೇರಾಯರು’ ಎಂದು ಬರೆದದ್ದು, ನಮ್ಮೂರ ಹಣಮಂತಪ್ಪನ ಎತ್ತು. ವಿಚಾರಣೆಗೆ ಬಂದ ಕಂದಾಯದ ಸಾಹೇಬ ಗಿರದಾವರರು ಅವರನ್ನು ಕೊಟ್ಟಿಗೆಯಲ್ಲಿ ಭೆಟ್ಟಿಯಾಗಿ, ಸುದ್ದಿಯೇ ಸುಳ್ಳೆಂದು ತೀರ್ಮಾನಿಸಿದರು. ತಿಂಗಳೊಳಗೆ ನಿಜವಾದ ಹೆಸರುಗಳು ಅಚ್ಚಾಗದಿದ್ದರೆ ಶಾಲೆ ಬೇರೆ ಊರಿಗೆ ಹೋಗುತ್ತದೆ.

ತಪ್ಪು ನಿಮ್ಮ ಕೈಯಲ್ಲಿದ್ದ ಬರೆಯುವ ವಹಿಯದು. ಹೋದ ವರ್ಷ ಆಕ್ಷನ್ನಿನ ಗದ್ದಲದಲ್ಲಿ ಇಲ್ಲಿ ವಹಿ ಹಿಡಿದು ಬಂದು ಹೆಸರು ಬರೆದುಕೊಂಡವರು ಆಮೇಲೆ ಆ ಹೆಸರಿನವರನ್ನೂ ಕರೆದುಕೊಂಡು ಹೋದರು. ಅಂದಿನಿಂದ ಹೊರಗಿನವರು ಕೇಳಿದರೆ ಸತ್ತವರ ಹೆಸರು ಹೇಳುವುದು ಊರಿನ ರೂಢಿ. ಹಣಮಂತಪ್ಪನಿಗೆ ಆ ಹೊತ್ತಿನಲ್ಲಿ ಸತ್ತವರು ಯಾರೂ ನೆನಪಾಗಲಿಲ್ಲ.

ಇನ್ನೊಮ್ಮೆ ಬನ್ನಿ. ಲೇಖನಿ ಜೇಬಿನಲ್ಲೇ ಇರಲಿ. ಮೊದಲು ರೊಟ್ಟಿ ತಿನ್ನಿ, ಕುರಿಗಳ ಕ್ಷೇಮ ಕೇಳಿ. ಬರೆದದ್ದನ್ನು ಹೊರಡುವ ಮುಂಚೆ ಎಲ್ಲರೆದುರು ಓದಿ. ನನಗೂ ನಿಮ್ಮ ಮೇಲೆ ಅರ್ಧ ನಂಬಿಕೆ. ಉಳಿದರ್ಧ ಪತ್ರಿಕೆ ನೋಡಿದ ಮೇಲೆ.

ಸದ್ಯಕ್ಕೆ ನಿಜವಾದ ಹೆಸರು ಕೊಡಲು ಪಾಲಕರಲ್ಲಿ ಜನಾಬಾಯಿ ಒಬ್ಬಳು ಒಪ್ಪಿದ್ದಾಳೆ. “ಮದಲ ಅವರು ತಮ್ಮ ಹೆಸರು, ಅವರಪ್ಪನ ಹೆಸರು, ಊರು ಬರ್ಕೊಡ್ಲಿರಿ ಮಾಸ್ತರ. ಆಮ್ಯಾಲ ನಂದು ಹೇಳ್ತೇನಿ,” ಎನ್ನುತ್ತಾಳೆ.

ದಯವಿಟ್ಟು ದೊಡ್ಡ ಅಕ್ಷರದಲ್ಲಿ ಬರೆದು ತನ್ನಿ. ಅದನ್ನು ಓದಿ ಹೇಳಬೇಕಾದವಳು ಆಕೆಯ ಮಗಳು. ಶಾಲೆ ಮುಚ್ಚಿದಾಗ ಅವಳಿನ್ನೂ ಎರಡನೇ ಇಯತ್ತೆ.

ನಿಮ್ಮ ದಾರಿ ನೋಡುತ್ತಿರುವ,
ಮಚ್ಛೇಂದ್ರ ಮಾಸ್ತರ