ಮೊಳಕೆ ಡಬ್ಬಿ

ಮಾರ್ಚ್ 2, ಬೆಳಿಗ್ಗೆ

ಮತ್ತೆ ಮೂರು ಪೆನ್ಸಿಲ್ ಚೂಪು ಮಾಡಿದೆ. ಒಂದು ಗೆರೆಯೂ ಎಳೆಯಲಿಲ್ಲ. ಚೂಪು ಮಾಡುವುದಕ್ಕೇ ಸಂಬಳ ಕೊಡುವ ಕಂಪನಿ ಇದ್ದಿದ್ದರೆ ಇಷ್ಟು ಹೊತ್ತಿಗೆ ಮ್ಯಾನೇಜರ್ ಆಗಿರುತ್ತಿದ್ದೆ.

ಬಟ್ಟೆಗೆ ಅಚ್ಚೊತ್ತುವ ನಮ್ಮ ಪ್ರಿಂಟಿಂಗ್ ಶೆಡ್ಡಿಗೆ ಯಜಮಾನರು ಬಂದರು. ನನ್ನ ಖಾಲಿ ಹಾಳೆ ನೋಡಿದರು. "ಮೇಷ್ಟ್ರು ಈ ತಿಂಗಳು ಕೆಲಸ ನಿಲ್ಲಿಸ್ತಾರೆ. ಅವರ ಕೊನೇ ಅಚ್ಚು ನಿನ್ನ ಡಿಸೈನ್ದೇ ಆಗ್ಬೇಕಂತೆ. ಬೇಗ ಏನಾದ್ರೂ ಬರಿಯಮ್ಮ."

ನಲವತ್ತು ವರ್ಷದಿಂದ ಇಲ್ಲಿನ ಮರದ ಅಚ್ಚುಗಳನ್ನೆಲ್ಲ ಕೊರೆದವರು ಮೇಷ್ಟ್ರು. ಯಾವ ಗೆರೆಗೆ ಮರ ಒಪ್ಪುತ್ತದೆ, ಯಾವುದಕ್ಕೆ ಮುನಿಯುತ್ತದೆ ಎಂದು ನನಗೆ ಕಲಿಸಿದವರೂ ಅವರೇ. ಒಂದು ವರ್ಷದಿಂದ ಬಲಗೈ ನಡುಗುತ್ತದೆ. ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಾರೆ. ನಾವೆಲ್ಲ ಬೇರೆ ಕಡೆ ನೋಡುತ್ತೇವೆ.

ಮಾರ್ಚ್ 5

ಐಡಿಯಾ ಹುಡುಕಿಕೊಂಡು ಊರೆಲ್ಲ ಸುತ್ತಿದೆ. ಒಡೆದ ಗೋಡೆ, ಬಸ್ಸಿನ ಸೀಟು, ತರಕಾರಿ ಅಂಗಡಿಯ ಬುಟ್ಟಿ... ಎಲ್ಲವೂ ನನ್ನನ್ನು ನೋಡಿ "ನಮ್ಮಿಂದ ಏನೂ ಗಿಟ್ಟಲ್ಲ ಹೋಗು" ಎಂದಂತಿತ್ತು.

ಮನೆಯಲ್ಲಿ ಚಿಕ್ಕಮ್ಮ: "ಬೆಕ್ಕನ್ನ ಅಟ್ಟಿಸಿಕೊಂಡು ಹೋದ್ರೆ ಸಿಗುತ್ತೇನೇ? ಸುಮ್ನೆ ಕೂತ್ಕೋ, ತಾನಾಗೇ ಬಂದು ಮಡಿಲಲ್ಲಿ ಮಲಗುತ್ತೆ."

ಹಳೆಯ ಬಿಸ್ಕತ್ ಡಬ್ಬಿ ತೆಗೆದೆ. ನನ್ನ ಮೊಳಕೆ ಡಬ್ಬಿ. ಏನೇ ಬರೆದರೂ ಇದರೊಳಗೆ ಹಾಕಿ ಏಳು ದಿನ ಮುಟ್ಟುವಂತಿಲ್ಲ. ಎಂಟನೇ ದಿನ ತೆಗೆದಾಗ ಇನ್ನೂ ಜೀವ ಇದ್ದರೆ ಅದು ಡಿಸೈನು. ಇಲ್ಲದಿದ್ದರೆ ಕಸ. ಇವತ್ತು ಡಬ್ಬಿಯಲ್ಲಿ ಇದ್ದದ್ದು ಅಂಗಿಯ ಒಂದು ಗುಂಡಿ, ಅಷ್ಟೇ.

ಮಾರ್ಚ್ 9, ಮಧ್ಯಾಹ್ನ

ಸ್ಟೋರ್ ರೂಮಿನ ಬಟ್ಟೆ ಗಂಟುಗಳ ಮೇಲೆ ಜೊಂಪು ಹತ್ತಿತು. ಕನಸಿನಲ್ಲಿ ಒಂದು ಬಟ್ಟೆ. ಗಾಳಿ ಇಲ್ಲ, ಆದರೂ ಮೆಲ್ಲಗೆ ಅಲುಗಾಡುತ್ತಿದೆ. ಅದರ ಮೇಲೆ ಏನು ಬರೆದಿದೆ ಎಂದು ಹತ್ತಿರ ಹೋದೆ... ಎಚ್ಚರ.

ಏನೂ ನೆನಪಿಲ್ಲ. ಪಾದ ಮಾತ್ರ ತಣ್ಣಗಿತ್ತು, ನೀರಲ್ಲಿ ನಿಂತು ಬಂದ ಹಾಗೆ.

ಮಾರ್ಚ್ 14

ಡಿಸೈನ್ ಕೊಟ್ಟುಬಿಟ್ಟೆ. ತಾರಸಿಯಿಂದ ಕಂಡ ಕರೆಂಟ್ ತಂತಿಗಳು. ಒಂದರ ಪಕ್ಕ ಒಂದು, ಸಪೂರ ನೇರ ಗೆರೆಗಳು. ಡಬ್ಬಿಗೆ ಹಾಕಲು ಪುರಸೊತ್ತಿರಲಿಲ್ಲ.

ಮೇಷ್ಟ್ರು ತುಂಬ ಹೊತ್ತು ನೋಡಿದರು. "ಎಲ್ಲಾ ನೇರ ಗೆರೆನಾ?"

"ಹೌದು ಮೇಷ್ಟ್ರೇ."

"ಆಯ್ತು." ಹಾಳೆಯನ್ನು ಮರಕ್ಕೆ ಅಂಟಿಸಿದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಹೊಳೆಯಿತು. ನಡುಗುವ ಕೈಗೆ ನೇರ ಗೆರೆ! ಬುದ್ಧಿ ಎಲ್ಲಿ ಮೇಯಲು ಹೋಗಿತ್ತು ನನ್ನದು? ಬದಲಾಯಿಸಿ ಕೊಡಲೇ? ಹಾಗೆ ಮಾಡಿದರೆ "ನಿಮ್ಮ ಕೈಲಿ ಆಗಲ್ಲ" ಎಂದು ಬಾಯಿಬಿಟ್ಟು ಹೇಳಿದಂತೆ. ಹೇಳುವ ಧೈರ್ಯ ಇಲ್ಲ.

ಮಾರ್ಚ್ 27

ಇಷ್ಟು ದಿನ ಬರೆಯಲಿಲ್ಲ. ಪಕ್ಕದ ರೂಮಿನಿಂದ ಉಳಿಯ ಸದ್ದು ಕೇಳುತ್ತ ಕೂತಿದ್ದೆ. ಟಕ್... ಟಕ್... ಆಮೇಲೆ ದೊಡ್ಡ ಮೌನ. ಮತ್ತೆ ಟಕ್.

ಇವತ್ತು ಅಚ್ಚು ತಂದು ಮೇಜಿನ ಮೇಲೆ ಬೋರಲು ಹಾಕಿದರು. ತಿರುಗಿಸಿ ನೋಡಿದೆ. ಒಂದು ಗೆರೆಯೂ ನೇರವಿಲ್ಲ. ಎಲ್ಲವೂ ನಡುಗಿವೆ.

"ಒಲೆಗೆ ಹಾಕು," ಎಂದರು. ಜೇಬಿನಿಂದ ತಮ್ಮ ಸಣ್ಣ ಉಳಿ ತೆಗೆದು ನನ್ನ ಕೈಯಲ್ಲಿಟ್ಟರು. "ಅದೇನೋ ಡಬ್ಬಿ ಇದೆಯಲ್ಲ ನಿಂದು, ಅದರಲ್ಲಿ ಹಾಕ್ಕೋ. ನನಗಿನ್ನು ಬೇಡ."

ಹೋದರು. ನಾನು ಬಣ್ಣ ಕಲೆಸುವ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಮನೆಗೆ ಬಂದು ಉಳಿಯನ್ನು ಡಬ್ಬಿಗೆ ಹಾಕಿದೆ.

ಮಾರ್ಚ್ 28, ಮಧ್ಯಾಹ್ನ ಮೂರು ಗಂಟೆ

ಕೈ ನಡುಗುತ್ತಿದೆ. ಈಗ ನನ್ನದು!

ಅಚ್ಚನ್ನು ಒಲೆಗೆ ಹಾಕಲು ಮನಸ್ಸು ಬರಲಿಲ್ಲ. ತಿಳಿನೀಲಿಯಲ್ಲಿ ಅದ್ದಿ ಬಟ್ಟೆಯ ಮೇಲೆ ಒಮ್ಮೆ ಒತ್ತಿದೆ. ಊಟ ಆಗಿತ್ತು, ಕಣ್ಣು ಎಳೆಯುತ್ತಿತ್ತು. ಅದೇ ಅಚ್ಚನ್ನು ಕಡುನೀಲಿಯಲ್ಲಿ ಮತ್ತೆ ಒತ್ತುವಾಗ ಒಂದು ಬೆರಳಿನಷ್ಟು ಜಾರಿತು. ಹಾಳಾಯಿತು ಎಂದುಕೊಂಡು ನೋಡಿದರೆ...

ಬಟ್ಟೆ ಅಲುಗಾಡುತ್ತಿದೆ. ಒಂಬತ್ತನೇ ತಾರೀಖಿನ ಕನಸು. ನೀರು. ಅದರೊಳಗೆ ತಂತಿಗಳ ನೆರಳು.

ಅನುಮಾನಕ್ಕೆ ನನ್ನ ನೇರ ಗೆರೆಗಳನ್ನೂ ಹಾಗೇ ಸ್ವಲ್ಪ ಜಾರಿಸಿ ಎರಡು ಸಲ ಬರೆದು ನೋಡಿದೆ. ಕಿಟಕಿ ಸರಳಿನ ಹಾಗೆ ಬಿಗಿದುಕೊಂಡು ನಿಂತವು. ನಡುಗಿದ ಕಡೆ ಮಾತ್ರ ನೀರು ಹರಿಯುತ್ತದೆ. ಕಿರುಚಿದೆನಂತೆ. ಬಟ್ಟೆ ತೊಳೆಯುವಾಕೆ ಬಕೆಟ್ ಬಿಟ್ಟು ಓಡಿ ಬಂದಳು. ಅವಳೂ ನೋಡಿದಳು. "ಅಯ್ಯೋ, ಒದ್ದೆ ಇದೆಯಾ?" ಎಂದು ಮುಟ್ಟಿ ನೋಡಿದಳು.

ಮಾರ್ಚ್ 31

ಯಜಮಾನರು ಒಪ್ಪಿದರು. ಹನ್ನೆರಡು ಗಜ ಬಟ್ಟೆ ಹಗ್ಗದ ಮೇಲೆ ಒಣಗುತ್ತಿತ್ತು. ಮೇಷ್ಟ್ರನ್ನು ಕರೆಸಿದೆ.

ಒಂದು ಸುಳ್ಳನ್ನೂ ತಯಾರು ಮಾಡಿಟ್ಟಿದ್ದೆ. ನಡುಗುವ ಗೆರೆಗಳ ಹೊಸ ಹಾಳೆ. "ನೋಡಿ ಮೇಷ್ಟ್ರೇ, ಡಿಸೈನೇ ಹೀಗಿತ್ತು."

ನಕ್ಕರು. "ನೀನು ಕೊಟ್ಟ ಹಾಳೇನ ಮರಕ್ಕೆ ಅಂಟಿಸಿ ನಾನೇ ಕೊರೆದು ಚಿಂದಿ ಮಾಡಿದ್ದೀನಲ್ಲೇ. ಇದೆಲ್ಲಿಂದ ಎದ್ದು ಬಂತು?"

ಎಲ್ಲರೂ ಇದ್ದರು. ಆದದ್ದಾಗಲಿ ಎಂದು ಹೇಳಿಬಿಟ್ಟೆ. "ನಿಮ್ಮ ಕೈ ನಡುಗಿದೆ ಮೇಷ್ಟ್ರೇ. ಅದು ನಡುಗದೇ ಇದ್ದಿದ್ರೆ ಇಲ್ಲಿ ನೀರೇ ಇರ್ತಿರಲಿಲ್ಲ."

ಒಂದು ವರ್ಷದಲ್ಲಿ ಮೊದಲ ಸಲ ಯಾರೋ ಆ ಮಾತು ಆಡಿದ್ದು. ಯಜಮಾನರು ಕೆಮ್ಮಿದರು. ಮೇಷ್ಟ್ರು ಬಟ್ಟೆಗೆ ಮುಖ ತಾಗುವಷ್ಟು ಹತ್ತಿರ ಹೋದರು. ಈ ತುದಿಯಿಂದ ಆ ತುದಿಯವರೆಗೆ ನಿಧಾನಕ್ಕೆ ನಡೆದರು.

"ನೀರು ಅಂತ ಮೊದಲೇ ಹೇಳಬಾರದಿತ್ತಾ? ಇನ್ನೂ ಸ್ವಲ್ಪ ಸಡಿಲ ಬಿಡ್ತಿದ್ದೆ."

ಅಷ್ಟೇ. ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದರು. ಕೋಪವೋ, ಏನೋ... ತಿಳಿಯಲಿಲ್ಲ.

ಏಪ್ರಿಲ್ 3, ಬೆಳಿಗ್ಗೆ

ಇವತ್ತು ಶೆಡ್ಡಿಗೆ ರಜೆ. ಪೆನ್ಸಿಲ್ ಮೊಂಡಾಗಿದೆ, ಚೂಪು ಮಾಡಿಲ್ಲ. ಹಾಗೇ ಬರೆಯುತ್ತಿದ್ದೇನೆ. ಕಿಟಕಿಯ ಬೆಳಕು ನೆಲದ ಮೇಲೆ—

ಚಿಕ್ಕಮ್ಮ ಕೂಗುತ್ತಿದ್ದಾರೆ. "ಲೇ, ಯಾರೋ ಹಿರಿಯರು ಬಂದಿದ್ದಾರೆ! ಕಂಕುಳಲ್ಲಿ ಮರದ ತುಂಡು ಇಟ್ಕೊಂಡಿದ್ದಾರೆ. ಕೂತ್ಕೊಳ್ಳಿ ಅಂದ್ರೆ ಕೂತ್ಕೊಳ್ಳಲ್ಲ. ತಮ್ಮ ಉಳಿ ಎಲ್ಲಿ ಅಂತ ಕೇಳ್ತಿದ್ದಾರೆ!"

ಡಬ್ಬಿ ಇಲ್ಲೇ ತೊಡೆಯ ಮೇಲಿದೆ. ಮುಚ್ಚಳ ಬಿಗಿಯಾಗಿ ಕೂತಿದೆ. ಉಳಿ ಹಾಕಿ ಇವತ್ತಿಗೆ ಸರಿಯಾಗಿ ಏಳು ದಿನ. ಒಳಗೆ ಇನ್ನೂ ಜೀವ ಇದೆ.