ಶಾಹಿದಾ ಅಕ್ಕ ಬಿಟ್ಟುಹೋದ ಪದ

ಫೆಬ್ರವರಿ ೨೮, ೨೨೧೯
ತೇಲೂರು, ಕನ್ನಂಬಾಡಿ ನೀರಿನ ಮೇಲೆ

…ಅಲ್ಲ ಹಾಲೇಶಣ್ಣ, ನೀವು ಅವತ್ತು ಶಾಹಿದಾ ಅಕ್ಕಂಗೆ ಸರಿಯಾಗಿ ಉತ್ತರ ಕೊಡಲೇ ಇಲ್ವಲ್ಲ, ಅಲ್ಲಿಂದಲೇ ಶುರು ಮಾಡ್ತೀನಿ. ನನ್ನ ಮಾತು ವಿಚಿತ್ರ ಅನ್ನಿಸಿದ್ರೆ ಕ್ಷಮಿಸಿ, ಇನ್ನೂರು ವರ್ಷ ಆಚೆಯಿಂದ ಬರೀತಿದ್ದೀನಿ. ಹಿಂಟಪಾಲು ಅಂತ ಇದೆ ನಮ್ಮಲ್ಲಿ, ಹಿಂದಿನ ಕಾಲಕ್ಕೆ ಹೋಗೋ ಅಂಚೆ. ಒಬ್ರಿಗೆ ಜನ್ಮಕ್ಕೆ ಒಂದೇ ಕಾಗದ. ನನ್ನದನ್ನ ನಿಮಗೇ ಹಾಕ್ತಿದ್ದೀನಿ, ಯಾಕಂದ್ರೆ ನಾನು ನಿಮ್ಮ ದೊಡ್ಡ ಫ್ಯಾನ್.

ನೀವು ಅಡ್ಮಿನ್ ಆಗಿದ್ದ ‘ತಪ್ಪಿಲ್ಲದ ಕನ್ನಡ’ ಗ್ರೂಪು ಪೂರ್ತಿ ನಂಗೆ ಬಾಯಿಪಾಠ. ಓದೋಕೆ ಕಲಿತಿದ್ದೇ ಅದರಲ್ಲಿ. ಮಂಡ್ಯದ ಪುಟ್ಟತಾಯಿ ಅಕ್ಕ ‘ಅಬ್ಬಕ್ಕೆ ಒಬ್ಬಟ್ಟು ಮಾಡಿವ್ನಿ, ಎಲ್ರೂ ಬನ್ನಿ’ ಅಂತ ಹಾಕಿದ್ರು. ನೀವು ‘ಅ’ಗೆ ಕೆಂಪು ಸುತ್ತು ಹಾಕಿ ‘ಹ’ ಅಂದ್ರಿ. ಅವರು ಮತ್ತೆ ಬರೆಯಲೇ ಇಲ್ಲ. ಬಿಜಾಪುರದ ಶಾಹಿದಾ ಅಕ್ಕ ‘ಅಣ್ಣಾ, ಹಿಂಗ ತಿದ್ದೋದು ಕೌಂಟರ್‌ಪ್ರೊಡಕ್ಟಿವ್ ಆಗ್ತದ’ ಅಂದ್ರು. ‘ಕನ್ನಡದಲ್ಲಿ ಹೇಳಿ’ ಅಂದ್ರಿ ನೀವು. ಅವರೂ ಗ್ರೂಪ್ ಬಿಟ್ರು. ನಾನು ನಿಮ್ಮ ಮಾತಿಗೆ ಇನ್ನೂರು ವರ್ಷ ತಡವಾಗಿ ಒಂದು ಹಾರ್ಟ್ ಒತ್ತಿದೆ.

ಆಮೇಲೆ ನಿಮ್ಮ ಹನ್ನೊಂದು ಸಾವಿರ ತಿದ್ದುಪಡಿ ಸೇರಿಸಿ ತಿದ್ದುಗ ಮಾಡಿದೆ. ಅದು ಕಿವಿಯೊಳಗೆ ಕೂರೋ ಮಣಿ, ತಪ್ಪು ಮಾತಾಡಿದ್ರೆ ಚುರ್ ಅನ್ನಿಸುತ್ತೆ. ತೇಲೂರಲ್ಲಿ ಕನ್ನಡ ಮಾತಾಡೋರು ನಲವತ್ತೊಂದು ಜನ ಇದ್ವಿ, ದೋಣಿ ಮೇಲೆ ಮೀನು ಒಣಗಿಸ್ತಾ ಹರಟೋರು. ಮಣಿ ಹಾಕಿದ ಮೇಲೆ ಮೊದಲು ಜೋಕು ನಿಂತ್ವು, ಆಮೇಲೆ ಬೈಗುಳ, ಆಮೇಲೆ ಮಾತೇ. ಉಳಿದಿದ್ದು ನಾನು, ನಮ್ಮ ದೇವೀರಜ್ಜಿ. ಅಜ್ಜಿಗೂ ಹಾಕಿದೆ, ಪ್ರೀತಿಯಿಂದಲೇ. ‘ಅಸಿವಾಯ್ತಾ ಮಗ’ ಅಂದ್ಲು. ಚುರ್. ಇನ್ನೊಂದ್ಸಲ ಅಂದ್ಲು. ಚುರ್. ‘ಬುಡು, ನಂಗೆ ಕನ್ನಡ ಬರಾಕಿಲ್ಲ’ ಅಂದ್ಲು. ಅದೇ ಅವಳ ಕೊನೇ ಮಾತು, ಹತ್ತು ದಿನ ಆಯ್ತು. ಮಣಿ ಕಿತ್ತು ನೀರಿಗೆ ಎಸೆದೆ. ಈಗಲೂ ಊಟಕ್ಕೆ ತಟ್ಟೆ ತೋರಿಸ್ತಾಳೆ ಅಷ್ಟೇ.

ಆಗ ಶಾಹಿದಾ ಅಕ್ಕನ ಆ ಪದ ಅರ್ಥ ಆಯ್ತು. ವ್ಯರ್ಥ ಅಂದ್ರೆ ಎಷ್ಟು ಒದ್ದಾಡಿದ್ರೂ ಏನೂ ಆಗದೇ ಇರೋದು. ತಿರುಗುಬಾಣ ಅಂದ್ರೆ ಬಿಟ್ಟವರಿಗೇ ಏಟು. ಇದು ಅವೆರಡೂ ಅಲ್ಲ, ಉಳಿಸೋಕೆ ಅಂತ ಹಿಡಿದ ಕೈಯೇ ಕತ್ತು ಹಿಸುಕೋದು, ಉಸಿರು ಕಮ್ಮಿ ಆಯ್ತು ಅಂತ ಇನ್ನೂ ಗಟ್ಟಿಯಾಗಿ ಹಿಡಿಯೋದು. ವಾಕ್ಯದಲ್ಲಿ ಬಳಸಿ ಅಂದ್ರೆ: ಇರುವಂತಿಯ ಪ್ರೀತಿ ಕೌಂಟರ್‌ಪ್ರೊಡಕ್ಟಿವ್. ಇರುವಂತಿ ನನ್ನ ಹೆಸರು.

ಅಣ್ಣಾ, ನಿಮ್ಮ ಕಾಲದಲ್ಲಿ ಪುಟ್ಟತಾಯಿ ಅಕ್ಕನ ಮೆಸೇಜು ಇನ್ನೂ ಅಲ್ಲೇ ಇದೆ. ಆ ಕೆಂಪು ಸುತ್ತು ಅಳಿಸಿ, ಬರ್ತೀನಿ ಅಂತ ಹಾಕಿ. ಇಲ್ಲಿ ನನ್ನ ಹತ್ರ ಇರೋ ಗ್ರೂಪಿನ ಥ್ರೆಡ್ಡಲ್ಲಿ ಆ ಸಾಲು ಬದಲಾದ್ರೆ ಓಡಿಹೋಗಿ ಅಜ್ಜಿಗೆ ಓದಿ ಹೇಳ್ತೀನಿ. ನಂಗೆ ಬೇರೆ ದಾರಿ ಕಾಣ್ತಿಲ್ಲ. ಇಲ್ಲೇ ಕಾಯ್ತಾ ಕೂತಿದ್ದೀನಿ. ಈ ಕಾಗದದ ತಪ್ಪು ಎಣಿಸ್ತಾ ಕೂತಿರ್ತೀರಾ, ಇಲ್ಲ ಅಬ್ಬಕ್ಕೆ ಬರ್ತೀರಾ?